ಅಜ್ಜನ ಕಾರು ಮತ್ತು ಎರಡು ಡಬ್ಬಿಗಳು



ನಿಮ್ಮ ಬಿಲ್ಡಿಂಗಿನ ಕಾಂಪೌಂಡಿನ ಮೂಲೆಯಲ್ಲಿ ತಾಡಪತ್ರಿ ಹೊದ್ದುಕೊಂಡು ನಿಂತ ಹಳೆಯ ಕಾರೊಂದನ್ನು ನೀವು ನೋಡಿರಬಹುದು. ಅದು ನಿಮ್ಮ ಅಜ್ಜನದೇ ಆಗಿದ್ದರೂ ಆಶ್ಚರ್ಯವಿಲ್ಲ. ಊರು ಬಿಟ್ಟು ಮುಂಬಯಿಗೋ ಪುಣೆಗೋ ಬಂದು, ಚಾಳಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿ, ಹದಿನೈದು ಇಪ್ಪತ್ತು ವರ್ಷ ದುಡಿದ ಮೇಲೆ ನಮ್ಮ ಹಿರಿಯರು ಕೊಂಡ ಮೊದಲ ಕಾರು ಅದು. ಈಗ ನಿಮ್ಮಲ್ಲಿ ಅನೇಕರಿಗೆ ಅದನ್ನು ಮತ್ತೆ ರಸ್ತೆಗೆ ಇಳಿಸುವ ಆಸೆ ಹುಟ್ಟಿದೆ. ಒಳ್ಳೆಯದೇ. ಆದರೆ ಬಣ್ಣ ಬಳಿಸಿ, ಸೀಟಿಗೆ ಹೊಸ ಬಟ್ಟೆ ಹಾಕಿಸಿ, ಕ್ರೋಮಿಯಂ ಬಂಪರಿಗೆ ಹೊಳಪು ಕೊಡಿಸುವ ಮುನ್ನ ಬಾನೆಟ್ಟಿನ ಕೆಳಗಿರುವ ಒಂದು ಚಿಕ್ಕ ಡಬ್ಬಿಯ ಕಡೆ ನೀವು ನೋಡಬೇಕು. ಅದರಲ್ಲಿ ಬ್ರೇಕಿನ ದ್ರವ ಇರುತ್ತದೆ. ಯಾವ ದ್ರವ ಎಂಬುದೇ ಈ ಲೇಖನದ ವಿಷಯ.

‘ಅಡುಗೆಮನೆಯಲ್ಲಿರುವ ಈ ಆಂಟಿಗೂ ಬ್ರೇಕಿಗೂ ಏನು ಸಂಬಂಧ?’ ಎಂದು ನೀವು ಕೇಳಬಹುದು. ಸಂಬಂಧ ಇದೆ. ಒಮ್ಮೆ ಈ ಕೈಯಿಂದಲೇ ತಪ್ಪು ಡಬ್ಬಿಯನ್ನು ಬಗ್ಗಿಸಿದ್ದೇನೆ. ಅದರ ಫಲವನ್ನು ಖಂಡಾಲದ ಘಾಟಿನಲ್ಲಿ ಕಣ್ಣಾರೆ ಕಂಡಿದ್ದೇನೆ.

ನಾನು ಮಾಡಿದ ಜಾಣತನ

ನಮ್ಮ ಮಾವನವರು ಧಾರವಾಡದವರು. 1974ರಲ್ಲಿ ಅವರೊಂದು ಕಾರು ಕೊಂಡರು. ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಿಂದ ಬಂದ ಕಾರದು. ಮುಂದೆ ಅದೇ ಮಾದರಿ ‘ಪ್ರೀಮಿಯರ್ ಪದ್ಮಿನಿ’ ಎಂದು ಪ್ರಸಿದ್ಧವಾಯಿತಾದರೂ ಮುಂಬಯಿಯಲ್ಲಿ ಎಲ್ಲರ ಬಾಯಲ್ಲೂ ಅದು ‘ಫಿಯೆಟ್’. ನಾನು ಸೊಸೆಯಾಗಿ ಬರುವಾಗ ಆ ಕಾರು ಮನೆಯ ಹಿರಿಯ ಮಗನಂತೆ ಮಾನ ಪಡೆದಿತ್ತು. ದಸರೆಗೆ ಅದಕ್ಕೆ ಚೆಂಡುಹೂವಿನ ಮಾಲೆ ತಪ್ಪುತ್ತಿರಲಿಲ್ಲ.

1996ರ ಮೇ ತಿಂಗಳು. ರಜೆಗೆಂದು ಧಾರವಾಡಕ್ಕೆ ಹೊರಡುವ ಹಿಂದಿನ ದಿನ. ಯಜಮಾನರು ಆಫೀಸಿಗೆ ಹೋಗುವ ಅವಸರದಲ್ಲಿ, ‘ಬ್ರೇಕ್ ಆಯಿಲ್ ಸ್ವಲ್ಪ ಕಡಿಮಿ ಆಗೇದ. ಗ್ಯಾರೇಜಿನ ಕಪಾಟಿನ್ಯಾಗ ಡಬ್ಬಿ ಅದ. ತುಂಬಿಸಿ ಇಡು’ ಎಂದು ಹೇಳಿ ಹೋದರು. ಕಪಾಟಿನಲ್ಲಿ ಎರಡು ಡಬ್ಬಿಗಳಿದ್ದವು. ಒಂದರ ಚೀಟಿ ಹರಿದು ಹೋಗಿತ್ತು. ಇನ್ನೊಂದರ ಮೇಲೆ ಇಂಗ್ಲಿಷಿನಲ್ಲಿ ‘ಹೈಡ್ರಾಲಿಕ್ ಆಯಿಲ್’ ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಬಿ.ಎ. ಓದಿದವಳು, ಅದೂ ಇಂಗ್ಲಿಷ್ ಮುಖ್ಯ ವಿಷಯವಾಗಿ. ಹೈಡ್ರಾಲಿಕ್ ಎಂದರೆ ದ್ರವದ ಒತ್ತಡದಿಂದ ನಡೆಯುವುದು; ಕಾರಿನ ಬ್ರೇಕು ಹೈಡ್ರಾಲಿಕ್ ಎಂದು ಶಾಲೆಯಲ್ಲಿ ಕಲಿತದ್ದು ನೆನಪಿತ್ತು; ಯಜಮಾನರು ಹೇಳಿದ್ದೂ ‘ಆಯಿಲ್’ ಎಂದೇ. ಮೂರೂ ಕೂಡಿದವು. ಆ ಡಬ್ಬಿಯಿಂದಲೇ ಬ್ರೇಕಿನ ಟ್ಯಾಂಕನ್ನು ಗೆರೆಯವರೆಗೆ ತುಂಬಿಸಿ ಕೈ ತೊಳೆದುಕೊಂಡೆ.

ಅದು ಮಾವನವರು ಗಾಡಿ ಎತ್ತುವ ಜಾಕಿಗೆಂದು ತಂದಿಟ್ಟ ಎಣ್ಣೆ. ಬ್ರೇಕಿಗೆ ಹಾಕಬೇಕಾದದ್ದು ಚೀಟಿ ಹರಿದ ಡಬ್ಬಿಯಲ್ಲಿತ್ತು.

ಹೋಗುವಾಗ ಏನೂ ಆಗಲಿಲ್ಲ. ಎರಡು ವಾರ ಕಾರು ಧಾರವಾಡದಲ್ಲಿ ಮಾವಿನ ಮರದ ಕೆಳಗೆ ನಿಂತಿತ್ತು. ತಿರುಗಿ ಬರುವಾಗ ಯಜಮಾನರು, ‘ಪೆಡಲ್ ಯಾಕೋ ಗಟ್ಟಿ ಆಗೇದ’ ಎಂದು ಒಂದೆರಡು ಸಲ ಅಂದರು. ಪುಣೆ ದಾಟಿದೆವು, ಲೋಣಾವಳ ದಾಟಿದೆವು. ಆಗಿನ್ನೂ ಎಕ್ಸ್‌ಪ್ರೆಸ್ ಹೆದ್ದಾರಿ ಇರಲಿಲ್ಲ. ಹಳೆಯ ಘಾಟಿನ ತಿರುವುಗಳಲ್ಲಿಯೇ ಖೋಪೋಲಿಗೆ ಇಳಿಯಬೇಕು. ಹಿಂದೆ ಕುಳಿತಿದ್ದ ಅತ್ತೆಯವರು, ‘ಏನೋ ಸುಟ್ಟ ವಾಸನಿ ಬರ್ಲಿಕ್ಕತ್ತದಲ್ಲ’ ಎಂದರು. ಘಾಟಿನಲ್ಲಿ ಲಾರಿಗಳ ಬ್ರೇಕಿನ ವಾಸನೆ ಯಾವಾಗಲೂ ಇದ್ದದ್ದೇ ಎಂದು ನಾವು ಮುಂದೆ ಸಾಗಿದೆವು. ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಯಜಮಾನರ ಕಾಲು ಪೆಡಲಿನೊಂದಿಗೆ ನೆಲಕ್ಕೆ ಹೋಯಿತು. ಬ್ರೇಕು ಇಲ್ಲ!

ನನ್ನ ತೊಡೆಯ ಮೇಲೆ ಎರಡು ವರ್ಷದ ಮಗ ಮಲಗಿದ್ದ. ಎಡಕ್ಕೆ ಗುಡ್ಡದ ಗೋಡೆ, ಬಲಕ್ಕೆ ಏನಿತ್ತೆಂದು ನಾನು ನೋಡಲಿಲ್ಲ. ಯಜಮಾನರು ಗಾಬರಿಯಾಗದೆ ಗೇರನ್ನು ಒಂದೊಂದೇ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆಯುತ್ತ, ಕಾರನ್ನು ಗುಡ್ಡದ ಬದಿಯ ಚರಂಡಿಗೆ ಒರಗಿಸಿದರು. ಮಡ್‌ಗಾರ್ಡು ನಜ್ಜುಗುಜ್ಜಾಯಿತು. ಮಗ ಎಚ್ಚರವಾಗಿ ಅತ್ತ, ಅಷ್ಟೇ. ಹಿಂದೆ ಬರುತ್ತಿದ್ದ ಲಾರಿಯವನೊಬ್ಬ ಓಡಿ ಬಂದು ಗಾಲಿಗೆ ಕಲ್ಲು ಇಟ್ಟ. ಅವನ ಹೆಸರು ಕೇಳುವಷ್ಟು ಪ್ರಜ್ಞೆ ನಮಗಾರಿಗೂ ಇರಲಿಲ್ಲ.

ಉಸ್ತಾದರ ಪಾಠ

ಮರುದಿನ ಖೋಪೋಲಿಯ ಒಂದು ಗ್ಯಾರೇಜಿಗೆ ಕಾರನ್ನು ಎಳೆಸಿಕೊಂಡು ಹೋದೆವು. ಅಲ್ಲಿಯ ಮುದುಕ ಉಸ್ತಾದ್ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿದ. ಒಂದು ಗಾಜಿನ ಲೋಟದಲ್ಲಿ ನೀರು ತರಿಸಿ, ಟ್ಯಾಂಕಿನಿಂದ ತೆಗೆದ ದ್ರವವನ್ನು ನಾಲ್ಕು ಹನಿ ಬಿಟ್ಟ. ಒಗ್ಗರಣೆಯ ಎಣ್ಣೆ ಸಾರಿನ ಮೇಲೆ ತೇಲುವ ಹಾಗೆ ಅದು ನೀರಿನ ಮೇಲೆ ತೇಲಿತು. ಆಮೇಲೆ ತನ್ನ ಅಂಗಡಿಯ ಹೊಸ ಡಬ್ಬಿ ಒಡೆದು ಇನ್ನೊಂದು ಲೋಟಕ್ಕೆ ನಾಲ್ಕು ಹನಿ ಬಿಟ್ಟ. ಅದು ಸಕ್ಕರೆ ಪಾಕದಂತೆ ನೀರಿನಲ್ಲಿ ಬೆರೆತು ಹೋಯಿತು. ‘ಇದು ಬ್ರೇಕಿನದು, ಅದು ಎಣ್ಣೆ’ ಎಂದ.

ಆ ಎರಡು ಲೋಟಗಳು ಕಲಿಸಿದ ಪಾಠವನ್ನು ಮೊದಲು ನಿಮ್ಮ ಮನಸ್ಸಿನಲ್ಲಿ ಇಟ್ಟುಕೊಳ್ಳಿ: ನಾವು ಬ್ರೇಕ್ ಆಯಿಲ್ ಎಂದು ಕರೆಯುವುದು ಆಯಿಲ್ ಅಲ್ಲವೇ ಅಲ್ಲ. ಅದು ಗ್ಲೈಕಾಲ್ ಎಂಬ ಜಾತಿಯ ರಾಸಾಯನಿಕ ದ್ರವ. ನೀರಿನೊಂದಿಗೆ ಬೆರೆಯುತ್ತದೆ. ನಮ್ಮ ದೇಶದ ಎಲ್ಲ ಗ್ಯಾರೇಜುಗಳಲ್ಲಿಯೂ ಅದನ್ನು ‘ಆಯಿಲ್’ ಎಂದೇ ಕೇಳುತ್ತಾರೆ, ‘ಆಯಿಲ್’ ಎಂದೇ ಕೊಡುತ್ತಾರೆ. ಅಂಗಡಿಯವನಿಗೂ ಮೆಕ್ಯಾನಿಕ್‌ನಿಗೂ ಅರ್ಥ ಗೊತ್ತಿರುವುದರಿಂದ ಅವರಿಗೆ ತೊಂದರೆಯಿಲ್ಲ. ಗೊತ್ತಿಲ್ಲದ ನನ್ನಂಥವಳಿಗೆ ಆ ಹೆಸರೇ ಹೊಂಡ ತೋಡಿತು.

ಉಸ್ತಾದ್ ಬ್ರೇಕಿನ ಮಾಸ್ಟರ್ ಸಿಲಿಂಡರನ್ನು ಬಿಚ್ಚಿ ಒಳಗಿನ ರಬ್ಬರಿನ ಬಟ್ಟಲುಗಳನ್ನು ನನ್ನ ಅಂಗೈ ಮೇಲೆ ಇಟ್ಟ. ರಾತ್ರಿ ನೆನೆಹಾಕಿದ ಕಡಲೆಯಂತೆ ಉಬ್ಬಿ ಮೆತ್ತಗಾಗಿದ್ದವು. ತುಪ್ಪದ ಡಬ್ಬಿಯ ಬಾಯಿಗೆ ಹಾಕಿದ ರಬ್ಬರ್ ಬ್ಯಾಂಡು ಕೆಲವು ದಿನಕ್ಕೆ ಉಬ್ಬಿ ಅಂಟಂಟಾಗುವುದನ್ನು ನಿಮ್ಮ ಅಮ್ಮಂದಿರು ಬಲ್ಲರು. ಅದೇ ಸಂಗತಿ. ಬ್ರೇಕಿನ ರಬ್ಬರು ಗ್ಲೈಕಾಲಿಗೆ ಹೊಂದುವಂಥದು. ಅದಕ್ಕೆ ಖನಿಜ ಎಣ್ಣೆ, ಅಂದರೆ ಪೆಟ್ರೋಲಿಯಮ್ಮಿನಿಂದ ಬಂದ ಎಣ್ಣೆ, ತಗಲಿದರೆ ಎಣ್ಣೆ ಕುಡಿದು ಉಬ್ಬುತ್ತದೆ.

ಆಮೇಲೆ ಏನಾಗುತ್ತದೆ? ಪೆಡಲನ್ನು ಬಿಟ್ಟಾಗ ದ್ರವ ಮತ್ತೆ ಟ್ಯಾಂಕಿಗೆ ಹೋಗಲು ಮಾಸ್ಟರ್ ಸಿಲಿಂಡರಿನಲ್ಲಿ ಸೂಜಿ ಮೊನೆಯಷ್ಟು ಸಣ್ಣ ರಂಧ್ರವೊಂದಿರುತ್ತದೆ. ಉಬ್ಬಿದ ರಬ್ಬರು ಆ ರಂಧ್ರವನ್ನು ಮುಚ್ಚುತ್ತದೆ. ದ್ರವ ಹಿಂದೆ ಬರಲಾರದು. ಕಾಲು ತೆಗೆದರೂ ಬ್ರೇಕು ಸ್ವಲ್ಪ ಹಿಡಿದೇ ಇರುತ್ತದೆ. ಗಾಲಿ ತಿರುಗಿದಂತೆ ಡ್ರಮ್ಮು ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಅತ್ತೆಯವರ ಮೂಗು ಹೇಳಿದ್ದು ನಿಜವಾಗಿತ್ತು! ಕಾವು ದ್ರವಕ್ಕೆ ತಗಲಿ, ಅದರಲ್ಲಿ ಹಳೆಯ ನೀರಿನ ಅಂಶ ಇದ್ದರೆ ಅದು ಕುದಿದು ಆವಿಯಾಗುತ್ತದೆ. ದ್ರವವನ್ನು ಒತ್ತಿ ಸಣ್ಣದು ಮಾಡಲು ಆಗುವುದಿಲ್ಲ. ಆದ್ದರಿಂದಲೇ ಕಾಲಿನ ಬಲ ಗಾಲಿಯವರೆಗೆ ತಲುಪುತ್ತದೆ. ಆವಿಯನ್ನಾದರೋ ಸುಲಭವಾಗಿ ಒತ್ತಬಹುದು. ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಹಿಸುಕುವುದರಲ್ಲೇ ಮುಗಿದು ಪೆಡಲು ನೆಲ ಮುಟ್ಟುತ್ತದೆ. ಹಳೆಯ ಫಿಯೆಟ್‌ಗಳಲ್ಲಿ ನಾಲ್ಕೂ ಗಾಲಿಗೆ ಒಂದೇ ಸಾಲು. ಅದು ಕೈಕೊಟ್ಟರೆ ಉಳಿಯುವುದು ತಂತಿಯಿಂದ ನಡೆಯುವ ಹ್ಯಾಂಡ್‌ಬ್ರೇಕ್ ಮಾತ್ರ.

‘ಇದನ್ನು ಹಾಕಿದವರು ಯಾರು?’ ಎಂದು ಉಸ್ತಾದ್ ಕೇಳಿದ. ನನ್ನ ಗಂಟಲು ಕಟ್ಟಿತ್ತು. ನಾನು ಬಾಯಿ ತೆರೆಯುವ ಮೊದಲೇ ಮಾವನವರು, ‘ಎರಡೂ ಡಬ್ಬಿ ಒಂದ ಕಡೆ ಇಟ್ಟಾಂವ ನಾನು. ತಪ್ಪು ನಂದು’ ಎಂದರು. ಆಮೇಲೆ ಆ ಮಾತನ್ನು ಅವರು ಮನೆಯಲ್ಲಿ ಒಂದು ದಿನವೂ ಎತ್ತಲಿಲ್ಲ.

ಅಂಕಿಗಳ ಅರ್ಥ

ಈಗ ನೀವು ಅಂಗಡಿಗೆ ಹೋದರೆ ಡಬ್ಬಿಗಳ ಮೇಲೆ ‘ಡಾಟ್ 3’, ‘ಡಾಟ್ 4’, ‘ಡಾಟ್ 5’, ‘ಡಾಟ್ 5.1’ ಎಂದು ಕಾಣುತ್ತದೆ. ಡಾಟ್ ಎಂದರೆ ಅಮೆರಿಕದ ಸಾರಿಗೆ ಇಲಾಖೆಯ ಹೆಸರಿನ ಮೊದಲಕ್ಷರಗಳು. ಅದರ ನಿಯಮದಲ್ಲಿ ಮುಖ್ಯವಾದದ್ದು ದ್ರವ ಎಷ್ಟು ಕಾವಿನಲ್ಲಿ ಕುದಿಯುತ್ತದೆ ಎಂಬುದು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಡಾಟ್ 4 ಆದರೆ 230 ಡಿಗ್ರಿಯವರೆಗೆ. ಡಾಟ್ 5 ಮತ್ತು 5.1 ಆದರೆ 260 ಡಿಗ್ರಿಯವರೆಗೆ.

ಆದರೆ ಇದು ಹೊಸ ಡಬ್ಬಿಯ ಲೆಕ್ಕ. ಗ್ಲೈಕಾಲ್ ದ್ರವಕ್ಕೆ ಗಾಳಿಯಲ್ಲಿಯ ತೇವವನ್ನು ಹೀರುವ ಸ್ವಭಾವ ಇದೆ. ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಉಪ್ಪಿನ ಭರಣಿ ನೀರಾಗುವಂತೆ ಇದೂ ಮೆಲ್ಲಮೆಲ್ಲನೆ ನೀರು ಕೂಡಿಸಿಕೊಳ್ಳುತ್ತದೆ. ನೂರಕ್ಕೆ 3.7 ಭಾಗ ನೀರು ಸೇರಿತೆಂದರೆ ಡಾಟ್ 3ರ ಕನಿಷ್ಠ ಮಿತಿ 140 ಡಿಗ್ರಿಗೆ ಇಳಿಯುತ್ತದೆ, ಡಾಟ್ 4ರದು 155ಕ್ಕೆ. ಘಾಟಿನ ಇಳಿಜಾರಿನಲ್ಲಿ ಕಾದ ಬ್ರೇಕಿಗೆ ಇದು ದೊಡ್ಡ ಅಂತರ. ನೀರು ಒಳಗಿನ ಕಬ್ಬಿಣಕ್ಕೆ ತುಕ್ಕನ್ನೂ ಹಿಡಿಸುತ್ತದೆ. ಆದ್ದರಿಂದ ಓಡಿಸಿದರೂ ಸರಿ, ನಿಲ್ಲಿಸಿದರೂ ಸರಿ, ಎರಡು ವರ್ಷಕ್ಕೊಮ್ಮೆ ಹಳೆಯದನ್ನು ತೆಗೆದು ಹೊಸದನ್ನು ತುಂಬಿಸಬೇಕು. ಸಮುದ್ರದ ಗಾಳಿಯಲ್ಲಿರುವ ಮುಂಬಯಿ, ಚೆನ್ನೈಯವರು ಇದನ್ನು ಮರೆಯಲೇಬಾರದು.

ಇಲ್ಲಿ ಇನ್ನೊಂದು ಹೆಸರಿನ ಬಲೆ ಇದೆ. ಡಾಟ್ 5 ಮತ್ತು ಡಾಟ್ 5.1 ಅಣ್ಣತಮ್ಮಂದಿರೆಂದು ಯಾರಿಗಾದರೂ ಅನ್ನಿಸುತ್ತದೆ. ಅಲ್ಲ! ಡಾಟ್ 3, 4 ಮತ್ತು 5.1 ಒಂದೇ ಮನೆತನದವು, ಎಲ್ಲವೂ ಗ್ಲೈಕಾಲ್. ನಡುವೆ ಕುಳಿತ ಡಾಟ್ 5 ಬೇರೆ ಕುಲದ್ದು, ಅದು ಸಿಲಿಕೋನ್. ನೇರಳೆ ಬಣ್ಣ ಹಾಕಿ ಅದನ್ನು ಗುರುತಿಸುತ್ತಾರೆ. ಅದು ನೀರನ್ನು ಹೀರುವುದಿಲ್ಲ, ಕಾರಿನ ಬಣ್ಣವನ್ನು ಕೆಡಿಸುವುದಿಲ್ಲ. ಆದ್ದರಿಂದ ವರ್ಷವೆಲ್ಲ ನಿಂತೇ ಇರುವ ಪ್ರದರ್ಶನದ ಕಾರುಗಳಿಗೆ ಕೆಲವರು ಅದನ್ನು ಮೆಚ್ಚುತ್ತಾರೆ. ಆದರೆ ಹೇಗೋ ಒಳಗೆ ಬಂದ ನೀರು ಅದರಲ್ಲಿ ಬೆರೆಯದೆ ಕೆಳಗಿನ ಮೂಲೆಯಲ್ಲಿ ನಿಂತು ಅಲ್ಲಿಯೇ ತುಕ್ಕು ಹಿಡಿಸಬಹುದು. ಪೆಡಲೂ ಸ್ವಲ್ಪ ಮೆತ್ತಗೆನಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗ್ಲೈಕಾಲ್ ಇದ್ದ ಕಾರಿಗೆ ಅದನ್ನು ಮೇಲಿಂದ ಸುರಿಯಕೂಡದು. ಹಾಕುವುದಾದರೆ ಹಳೆಯದನ್ನು ಪೂರ್ತಿ ತೊಳೆದು, ರಬ್ಬರುಗಳನ್ನು ಬದಲಿಸಿಯೇ ಹಾಕಬೇಕು.

ಅಜ್ಜನ ಫಿಯೆಟ್ಟೋ ಅಂಬಾಸಿಡರೋ ಆಗಿದ್ದರೆ ನಿಮಗೆ ಇಷ್ಟು ಗೊಂದಲ ಬೇಡ. ರಬ್ಬರುಗಳನ್ನು ಹೊಸದಾಗಿ ಹಾಕಿಸಿ, ಸೀಲು ಒಡೆಯದ ಡಬ್ಬಿಯ ಡಾಟ್ 3 ಅಥವಾ ಡಾಟ್ 4 ತುಂಬಿಸಿದರೆ ಸಾಕು. ಡಬ್ಬಿಯಲ್ಲಿ ಉಳಿದದ್ದನ್ನು ‘ಮುಂದಿನ ವರ್ಷಕ್ಕೆ ಆದೀತು’ ಎಂದು ಎತ್ತಿಡಬೇಡಿ. ನಮ್ಮ ಮಿತವ್ಯಯದ ಅಭ್ಯಾಸ ಇಲ್ಲಿ ಬೇಡ.

ಎರಡು ಬಣ್ಣಗಳ ಕಥೆ

ಈ ಘಟನೆಯ ನಂತರ ನನಗೆ ಈ ವಿಷಯದ ಹುಚ್ಚು ಹಿಡಿಯಿತು. ಲೈಬ್ರರಿಯಲ್ಲಿ ಕಥೆ ಕಾದಂಬರಿಗಳ ಜೊತೆಗೆ ಮೋಟಾರಿನ ಪುಸ್ತಕಗಳನ್ನೂ ತರತೊಡಗಿದೆ. ಆಗ ಓದಿದ ಒಂದು ಫ್ರೆಂಚ್ ಕಾರಿನ ಕಥೆಯನ್ನು ನಿಮಗೆ ಹೇಳಲೇಬೇಕು. ದ್ರವದ ಆಯ್ಕೆ ಎಂದರೇನೆಂದು ಅದರಷ್ಟು ಚೆನ್ನಾಗಿ ತಿಳಿಸುವ ಕಥೆ ಬೇರೊಂದಿಲ್ಲ.

1955ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಸಿಟ್ರೊಯೆನ್ ಕಂಪನಿಯವರು ‘ಡಿಎಸ್’ ಎಂಬ ಕಾರನ್ನು ತೋರಿಸಿದರು. ಫ್ರೆಂಚಿನಲ್ಲಿ ಆ ಎರಡಕ್ಷರಗಳನ್ನು ಉಚ್ಚರಿಸಿದರೆ ‘ದೇವತೆ’ ಎಂಬ ಅರ್ಥದ ಶಬ್ದದಂತೆಯೇ ಕೇಳುತ್ತದೆ. ಅದರಲ್ಲಿ ಉಕ್ಕಿನ ಸ್ಪ್ರಿಂಗುಗಳೇ ಇರಲಿಲ್ಲ. ಪ್ರತಿ ಗಾಲಿಗೂ ಚೆಂಡಿನಂಥ ಒಂದು ಲೋಹದ ಗೋಲ. ಅದರೊಳಗೆ ಒಂದು ಪರದೆ. ಪರದೆಯ ಒಂದು ಬದಿ ನೈಟ್ರೋಜನ್ ಅನಿಲ, ಇನ್ನೊಂದು ಬದಿ ಒತ್ತಡದಲ್ಲಿರುವ ದ್ರವ. ಅನಿಲ ಸ್ಪ್ರಿಂಗಿನ ಕೆಲಸ ಮಾಡಿದರೆ, ದ್ರವ ಅದರ ಮೇಲೆ ಒತ್ತಿ ಕಾರನ್ನು ಹಿಡಿದು ನಿಲ್ಲಿಸುತ್ತಿತ್ತು. ಎಂಜಿನ್ ಶುರು ಮಾಡಿದರೆ ಕುಳಿತ ಒಂಟೆ ಏಳುವಂತೆ ಕಾರು ಮೇಲಕ್ಕೆ ಏಳುತ್ತಿತ್ತು. ಪಾಲ್ ಮಾಜೆಸ್ ಎಂಬವರ ಕಲ್ಪನೆ ಇದು. ಅದೇ ದ್ರವವೇ ಬ್ರೇಕಿಗೂ ಸ್ಟಿಯರಿಂಗಿಗೂ ಬಲ ಕೊಡುತ್ತಿತ್ತು. 1962ರ ಆಗಸ್ಟ್ 22ರಂದು ಪ್ಯಾರಿಸ್ಸಿನ ಹತ್ತಿರ ಫ್ರಾನ್ಸಿನ ಅಧ್ಯಕ್ಷ ಚಾರ್ಲ್ಸ್ ಡಿ ಗಾಲ್ ಅವರ ಮೇಲೆ ಗುಂಡಿನ ಸುರಿಮಳೆಯಾದಾಗ, ಟಯರುಗಳಿಗೆ ಗುಂಡು ತಗಲಿದರೂ ಅವರನ್ನು ಪಾರುಮಾಡಿ ಕರೆದೊಯ್ದದ್ದು ಈ ಡಿಎಸ್ ಕಾರೇ.

ಅಂಥ ಕಾರಿನ ಪ್ರಾಣವೆಲ್ಲ ಅದರ ದ್ರವದಲ್ಲಿತ್ತು. ಮೊಟ್ಟಮೊದಲು ಹಾಕಿದ್ದು ಸಸ್ಯಮೂಲದ ದ್ರವ. ಆ ಕಾಲದ ಬ್ರೇಕಿನ ದ್ರವಗಳಿಗೆ ಮೂಲ ಹರಳೆಣ್ಣೆ ಎಂದರೆ ನೀವು ನಂಬುತ್ತೀರಾ? ನಮ್ಮಜ್ಜಿ ಭಾನುವಾರ ನಮ್ಮ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಹರಳೆಣ್ಣೆ! ಅದಕ್ಕೆ ಮದ್ಯಸಾರ ಬೆರೆಸಿ ಬಳಸುತ್ತಿದ್ದರು. ಹರಳೆಣ್ಣೆ ಸಹಜ ರಬ್ಬರನ್ನು ಕೆಡಿಸುವುದಿಲ್ಲ. ಸಿಟ್ರೊಯೆನ್‌ದವರು ಆಮೇಲೆ ಕೆಂಪು ಬಣ್ಣದ ‘ಎಲ್‌ಎಚ್‌ಎಸ್’ ಎಂಬ ಕೃತಕ ದ್ರವಕ್ಕೆ ಬಂದರು. ಬ್ರೇಕಿನ ದ್ರವದಂತೆ ಅದೂ ತೇವ ಹೀರುತ್ತಿತ್ತು. ಒಳಗಿನ ನಯವಾದ ಭಾಗಗಳು ತುಕ್ಕು ಹಿಡಿಯುತ್ತಿದ್ದವು. ಕಡೆಗೆ 1960ರ ದಶಕದ ಉತ್ತರಾರ್ಧದಲ್ಲಿ ಹಸಿರು ಬಣ್ಣದ ‘ಎಲ್‌ಎಚ್‌ಎಂ’ ಎಂಬ ಖನಿಜ ಎಣ್ಣೆಗೆ ಬದಲಾಯಿಸಿದರು. ಕೊನೆಯ ‘ಎಂ’ ಎಂದರೆ ಮಿನರಲ್. ಅದು ನೀರು ಹೀರುವುದಿಲ್ಲ, ತುಕ್ಕು ಹಿಡಿಸುವುದಿಲ್ಲ.

ಖನಿಜ ಎಣ್ಣೆ ನನ್ನ ಫಿಯೆಟ್ಟಿನ ರಬ್ಬರನ್ನು ಉಬ್ಬಿಸಿತ್ತಲ್ಲ, ಇಲ್ಲಿ ಹೇಗೆ ನಡೆಯಿತು? ಅವರು ದ್ರವವನ್ನು ಬದಲಿಸಿದಾಗ ರಬ್ಬರಿನ ಜಾತಿಯನ್ನೂ ಬದಲಿಸಿದರು. ಹಸಿರಿನ ಕಾರಿಗೆ ಎಣ್ಣೆ ತಡೆಯುವ ರಬ್ಬರು, ಕೆಂಪಿನ ಕಾರಿಗೆ ಹಳೆಯ ರಬ್ಬರು. ಗುರುತು ತಪ್ಪಬಾರದೆಂದು ಹೊಸ ಬಿಡಿಭಾಗಗಳಿಗೆ ಹಸಿರು ಬಣ್ಣವನ್ನೇ ಬಳಿದರು. ಹೊರಗಿನಿಂದ ನೋಡಿದರೆ ಎರಡೂ ಡಿಎಸ್ ಕಾರುಗಳೇ. ಆದರೆ ಕೆಂಪಿನದಕ್ಕೆ ಹಸಿರು ಹಾಕಿದರೂ ಕೆಟ್ಟಿತು, ಹಸಿರಿನದಕ್ಕೆ ಕೆಂಪನ್ನೋ ಸಾಮಾನ್ಯ ಬ್ರೇಕಿನ ದ್ರವವನ್ನೋ ಹಾಕಿದರೂ ಕೆಟ್ಟಿತು. ಬ್ರೇಕು, ಸಸ್ಪೆನ್ಶನ್, ಸ್ಟಿಯರಿಂಗ್ ಎಲ್ಲವೂ ಒಂದೇ ದ್ರವ ಕುಡಿಯುವುದರಿಂದ ಎಲ್ಲವೂ ಒಟ್ಟಿಗೇ ಕೆಡುತ್ತವೆ.

ಇದು ಫ್ರಾನ್ಸಿನ ಮಾತಷ್ಟೇ ಅಲ್ಲ. ಇಂಗ್ಲೆಂಡಿನ ರೋಲ್ಸ್-ರಾಯ್ಸ್ 1965ರಲ್ಲಿ ತಂದ ಸಿಲ್ವರ್ ಶ್ಯಾಡೋ ಕಾರಿನ ಮಟ್ಟ ಕಾಯುವ ಸಸ್ಪೆನ್ಶನ್ನಿಗೆ ಸಿಟ್ರೊಯೆನ್ನಿನ ತಂತ್ರವನ್ನೇ ಪಡೆದಿತ್ತು. ಅದರಲ್ಲಿ ಗ್ಲೈಕಾಲ್ ಜಾತಿಯ ದ್ರವ. 1980ರಲ್ಲಿ ಬಂದ ಸಿಲ್ವರ್ ಸ್ಪಿರಿಟ್‌ಗೆ ಖನಿಜ ಎಣ್ಣೆ. ಒಂದೇ ಮನೆಯ ಎರಡು ಕಾರು, ಒಂದರ ಅಮೃತ ಇನ್ನೊಂದಕ್ಕೆ ವಿಷ. ಆದ್ದರಿಂದ ‘ಯಾವುದು ಒಳ್ಳೆಯ ದ್ರವ?’ ಎಂದು ಕೇಳಬೇಡಿ. ‘ಈ ಕಾರಿನ ರಬ್ಬರು ಯಾವ ದ್ರವಕ್ಕಾಗಿ ಮಾಡಿದ್ದು?’ ಎಂದು ಕೇಳಿ.

ಶಾಕ್ ಅಬ್ಸಾರ್ಬರಿನ ಮಾತು

ನಮ್ಮ ಫಿಯೆಟ್ಟಿನ ಸಸ್ಪೆನ್ಶನ್ ಇಷ್ಟು ನಾಜೂಕಿನದಲ್ಲ. ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಪಟ್ಟಿಗಳ ಕಮಾನು. ಅದರ ಕುಲುಕಾಟವನ್ನು ತಡೆಯಲು ನಳಿಗೆಯಂಥ ಶಾಕ್ ಅಬ್ಸಾರ್ಬರ್. ಅದರೊಳಗೆ ಇರುವುದು ನಿಜವಾದ ಎಣ್ಣೆ. ಅದು ಸೋರತೊಡಗಿದರೆ ಸಾಮಾನ್ಯವಾಗಿ ಇಡಿಯ ನಳಿಗೆಯನ್ನೇ ಬದಲಿಸುತ್ತಾರೆ.

ಆದರೆ ನಿಮ್ಮ ಮನೆಯಲ್ಲಿ ಮಾರಿಸ್ ಮೈನರ್‌ನಂಥ ಇನ್ನೂ ಹಳೆಯ ಕಾರು ಇದ್ದರೆ ಅದರಲ್ಲಿ ತೋಳು ಅಲ್ಲಾಡುವ, ಪೆಟ್ಟಿಗೆಯಂಥ ಡ್ಯಾಂಪರ್ ಇರುತ್ತದೆ. ಅದಕ್ಕೆ ಎಣ್ಣೆ ಹಾಕುವ ಬಿರಡೆ ಇದೆ. ಅಲ್ಲಿ ಡ್ಯಾಂಪರಿನ ತೆಳು ಖನಿಜ ಎಣ್ಣೆಯನ್ನೇ ಹಾಕಬೇಕು. ಬ್ರೇಕಿನ ದ್ರವ ಹಾಕಕೂಡದು. ಮಂದವಾದ ಎಂಜಿನ್ ಎಣ್ಣೆಯೂ ಬೇಡ. ಹಾಗೆಯೇ ಈ ಡ್ಯಾಂಪರಿನ ಎಣ್ಣೆ ಬ್ರೇಕಿಗೆ ಹೋಗಕೂಡದು. ಅದೇ ಕಾರಿನ ಬ್ರೇಕಿನ ಮಾಸ್ಟರ್ ಸಿಲಿಂಡರ್ ಡ್ರೈವರನ ಕಾಲಕೆಳಗೆ, ನೆಲಹಾಸಿನ ಅಡಿಯಲ್ಲಿ ಅಡಗಿದೆ. ಅದನ್ನು ಕಾಣದೆ ಎಷ್ಟೋ ಜನ ಮರೆತುಬಿಡುತ್ತಾರೆ.

ಮಾಡಬೇಕಾದ್ದು, ಮಾಡಬಾರದ್ದು

ಟ್ಯಾಂಕಿನಲ್ಲಿ ದ್ರವ ಕಡಿಮೆಯಾಯಿತೆಂದರೆ ತುಂಬಿಸುವ ಮುಂಚೆ ಯಾಕೆ ಕಡಿಮೆಯಾಯಿತೆಂದು ನೋಡಿ. ಬ್ರೇಕ್ ಶೂ ಸವೆದಿರಬೇಕು, ಇಲ್ಲವೆ ಎಲ್ಲೋ ಸೋರುತ್ತಿರಬೇಕು. ನಾವು ಆ ದಿನ ಅದನ್ನೂ ಕೇಳಲಿಲ್ಲ.

ಒಳಗೇನಿದೆ ಎಂದು ಗೊತ್ತಿರದಿದ್ದರೆ ಎರಡು ಲೋಟದ ಪರೀಕ್ಷೆ ಮಾಡಿ. ನೀರಿನಲ್ಲಿ ಬೆರೆತರೆ ಗ್ಲೈಕಾಲ್. ಬೆರೆಯದಿದ್ದರೆ ಎಣ್ಣೆ ಅಥವಾ ಸಿಲಿಕೋನ್. ಆಗ ಬಲ್ಲವರನ್ನು ಕೇಳದೆ ಗಾಡಿಯನ್ನು ಗೇಟಿನ ಹೊರಗೆ ತೆಗೆಯಬೇಡಿ. ಪರೀಕ್ಷೆಯ ಲೋಟ ಅಡುಗೆಮನೆಗೆ ಮರಳಿ ಬರಕೂಡದು.

ತಪ್ಪು ಎಣ್ಣೆ ಹೋಗಿದ್ದರೆ ಅದನ್ನು ಬಸಿದು ಹೊಸದನ್ನು ಹಾಕಿದರೆ ಸಾಲದು. ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಗಾಲಿಯವರೆಗೆ ಇರುವ ಪ್ರತಿಯೊಂದು ರಬ್ಬರು, ರಬ್ಬರಿನ ಕೊಳವೆ ಸಹ, ಹೊಸದಾಗಬೇಕು. ಲೋಹದ ಕೊಳವೆಗಳನ್ನು ಸ್ಪಿರಿಟ್ಟಿನಿಂದ ತೊಳೆದು ಒಣಗಿಸಬೇಕು. ಪೆಟ್ರೋಲಿನಿಂದಲೋ ಸೀಮೆಎಣ್ಣೆಯಿಂದಲೋ ತೊಳೆದರೆ ಮತ್ತೆ ಅದೇ ಕಥೆ. ನಮಗೆ ಆಗ ಅಷ್ಟೂ ಖರ್ಚು ಬಂತು. ಆ ವರ್ಷದ ದೀಪಾವಳಿ ಸೀರೆಯನ್ನು ನಾನು ಕೇಳಲಿಲ್ಲ.

ಬ್ರೇಕಿನ ದ್ರವ ವಿಷ. ಅದನ್ನು ಶರಬತ್ತಿನ ಬಾಟಲಿಯಲ್ಲೋ ಉಪ್ಪಿನಕಾಯಿ ಭರಣಿಯಲ್ಲೋ ಎಂದಿಗೂ ತುಂಬಿಡಬೇಡಿ. ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಎದ್ದು ಬರುತ್ತದೆ. ತಡಮಾಡದೆ ಧಾರಾಳ ನೀರು ಸುರಿಯಿರಿ.

ಇನ್ನೊಂದು ವಿಷಯ. ಕೇಂದ್ರ ಸರಕಾರದ 2021ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ. ಆದರೆ ಅಂಥ ಕಾರು ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಕಾರಣಕ್ಕೆ ಮಾತ್ರ ರಸ್ತೆಗೆ ಇಳಿಯಬಹುದು, ದಿನನಿತ್ಯದ ಓಡಾಟಕ್ಕಲ್ಲ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದವು. ಇನ್ನು ಉಳಿದಿರುವುದು ನಿಮ್ಮಂಥವರ ಮನೆಯಲ್ಲಿರುವವೇ.

ಒತ್ತು, ಬಿಡು

ಮಾವನವರು 2011ರಲ್ಲಿ ತೀರಿಕೊಂಡರು. ಅದಾದ ಮೇಲೆ ಕಾರನ್ನು ಯಾರೂ ಮುಟ್ಟಲಿಲ್ಲ. ಖಂಡಾಲದಲ್ಲಿ ನನ್ನ ತೊಡೆಯ ಮೇಲೆ ಮಲಗಿದ್ದ ಮಗನಿಗೆ ಈಗ ಮೂವತ್ತು ದಾಟಿದೆ. ಕಳೆದ ವರ್ಷ ಒಂದು ಭಾನುವಾರ, ‘ಅಜ್ಜನ ಗಾಡಿ ನಾನ ರೆಡಿ ಮಾಡ್ತೀನಿ’ ಎಂದು ಹೊರಟ. ನನ್ನ ಎದೆ ಧಸಕ್ಕೆಂದಿತು. ಬೇಡವೆನ್ನಲೂ ಮನಸ್ಸು ಬರಲಿಲ್ಲ. ಒಂದೇ ಷರತ್ತು ಹಾಕಿದೆ: ಬ್ರೇಕಿನ ಕೆಲಸ ನನ್ನ ಎದುರಿಗೇ ಆಗಬೇಕು, ಆಮೇಲೆ ಒಳ್ಳೆಯ ಮೆಕ್ಯಾನಿಕ್ ನೋಡಿ ಸರಿ ಎನ್ನಬೇಕು.

ಹೊಸ ರಬ್ಬರುಗಳು ಬಂದವು, ಹೊಸ ದ್ರವ ತುಂಬಿತು. ಇನ್ನು ಒಳಗಿನ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿಯಿಂದ, ಅಂದರೆ ನಮ್ಮ ಬಲಗೈ ಸ್ಟಿಯರಿಂಗಿನ ಕಾರಿನಲ್ಲಿ ಹಿಂದಿನ ಎಡಗಾಲಿಯಿಂದ, ಶುರು ಮಾಡಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಗಾಲಿಯ ಹತ್ತಿರದ ನಿಪ್ಪಲ್ ಸಡಿಲಿಸಬೇಕು. ಗುಳ್ಳೆಗಳೊಂದಿಗೆ ದ್ರವ ಬಾಟಲಿಗೆ ಬರುತ್ತದೆ. ನಿಪ್ಪಲ್ ಬಿಗಿಮಾಡಿದ ಮೇಲೆಯೇ ಪೆಡಲನ್ನು ಬಿಡಬೇಕು, ಇಲ್ಲದಿದ್ದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ನಡುನಡುವೆ ಟ್ಯಾಂಕು ಬರಿದಾಗದಂತೆ ತುಂಬಿಸುತ್ತಿರಬೇಕು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀಟಿನಲ್ಲಿ ಕುಳಿತೆ. ಮಗ ಕೆಳಗಿನಿಂದ ಕೂಗಿದ: ‘ಅಮ್ಮಾ, ಒತ್ತು. ಹಿಡಿ, ಬಿಡಬ್ಯಾಡ. ಹಾಂ, ಈಗ ಬಿಡು.’ ನಾಲ್ಕು ಗಾಲಿ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಆಫೀಸಿನಲ್ಲಿ ಇಂಗ್ಲಿಷ್, ಗೆಳೆಯರೊಂದಿಗೆ ಹಿಂದಿ, ಬಿಲ್ಡಿಂಗಿನಲ್ಲಿ ಮರಾಠಿ ಮಾತಾಡುವ ಹುಡುಗ ಎರಡು ತಾಸು ನನ್ನೊಂದಿಗೆ ಬರೀ ಕನ್ನಡದಲ್ಲಿ ಕೆಲಸ ಮಾಡಿದ್ದನ್ನು ನಾನು ಆಮೇಲೆ ಗಮನಿಸಿದೆ.

ಕೆಲಸ ಮುಗಿಸಿ ಕಪಾಟು ಒರೆಸುವಾಗ ಅವನಿಗೆ ಎರಡು ಖಾಲಿ ಡಬ್ಬಿಗಳು ಸಿಕ್ಕವು. ಖೋಪೋಲಿಯಿಂದ ಬಂದ ದಿನ ಮಾವನವರು ಅವುಗಳ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿ, ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದಿಟ್ಟಿದ್ದರು. ಮಗ ಕನ್ನಡವನ್ನು ನಿಧಾನವಾಗಿಯೇ ಓದುತ್ತಾನೆ. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ: ‘ಇದು ಬ್ರೇಕಿಗೆ.’ ಇನ್ನೊಂದನ್ನು ಎತ್ತಿಕೊಂಡು, ‘ಇದು ಜಾಕಿಗೆ.’

ಅವೆರಡನ್ನೂ ಬಿಸಾಡಬೇಡವೆಂದೆ. ಈಗ ಒಂದು ಮೇಲಿನ ಹಲಗೆಯಲ್ಲಿದೆ, ಒಂದು ಕೆಳಗಿನದರಲ್ಲಿ. ನಿಮ್ಮ ಮನೆಯ ಕಪಾಟಿನಲ್ಲಿಯೂ ಹೀಗೆ ಬೇರೆ ಬೇರೆಯಾಗಿ ಇಡಿ, ಮೇಲೆ ಹೆಸರು ಬರೆದು ಇಡಿ. ಮನೆಯವರೆಲ್ಲ ಓದಬಲ್ಲ ಭಾಷೆಯಲ್ಲಿ ಬರೆದಿಡಿ.